ಹುಲಿಕಲ್ಲಿನ ಅಜ್ಜಿ

ಮಾಗಡಿ ತಾಲ್ಲೂಕಿನ ಹುಲಿಕಲ್ ಇದ್ದಲ್ಲೇ ಇದೆ. ಅದರ ವಿಳಾಸ ಮಾತ್ರ ಬದಲಾಗುತ್ತ ಬಂದಿದೆ. ಮಹಾರಾಜರ ಕಾಲದಲ್ಲಿ ಅದು ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರಗಳ ಜೊತೆ ಮಾಗಡಿಯೂ ಸೇರಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೂ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಇಷ್ಟಕ್ಕೆಲ್ಲ ಸಾಕ್ಷಿಯಾಗಿದ್ದ ಒಂದು ಹಿರಿಯ ಜೀವ ಅದೇ ವರ್ಷದ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಣ್ಣು ಮುಚ್ಚಿತು. ಪತ್ರಿಕೆಗಳು 114 ವರ್ಷ ಎಂದು ಬರೆದವು. ಒಂದು ಮಗುವನ್ನೂ ಹೆರದ ಆಕೆಯನ್ನು ನಾಡೆಲ್ಲ ತಾಯಿ ಎಂದಿತು, ಅಜ್ಜಿ ಎಂದಿತು. ಸಾಲುಮರದ ತಿಮ್ಮಕ್ಕ.

ಅಜ್ಜಿಗೆ ಬಹುವಚನ ಹಾಕಿದರೆ ನಮ್ಮ ಕಡೆ ಅವಳು ಹೊರಗಿನವಳಾಗಿಬಿಡುತ್ತಾಳೆ. ಆದ್ದರಿಂದ ನಾನೂ ಏಕವಚನದಲ್ಲೇ ಬರೆಯುತ್ತೇನೆ.

ತಿಮ್ಮಕ್ಕ ತುಮಕೂರು ಸೀಮೆಯ ಗುಬ್ಬಿ ತಾಲ್ಲೂಕಿನವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಿಕ್ಕಯ್ಯನ ಕೈ ಹಿಡಿದು ಹುಲಿಕಲ್ಲಿಗೆ ಸೊಸೆಯಾಗಿ ಬಂದಳು. ಕಲ್ಲುಗಣಿಯಲ್ಲಿ ಕೂಲಿ ಮಾಡಿದಳು. ಚಿಕ್ಕಯ್ಯನಿಗೆ ಮಾತು ತೊದಲುತ್ತಿತ್ತು, ಹಾಗಾಗಿ ಅವನು ಬಿಕ್ಕಲು ಚಿಕ್ಕಯ್ಯ. ಮಾತು ತಡವರಿಸುವ ಗಂಡ, ಮಡಿಲು ತುಂಬದ ಹೆಂಡತಿ. ಹಳ್ಳಿಯ ನಾಲಿಗೆಗೆ ಇನ್ನೇನು ಬೇಕು ಹೇಳಿ?

ಮಕ್ಕಳಿಲ್ಲದ ಹೆಂಗಸಿನ ಪಾಡು ಏನೆಂದು ನಾನು ತಿಳಿದದ್ದು ಪುಸ್ತಕದಿಂದಲ್ಲ. ನಾನೂ ಮಾಗಡಿಗೆ ಸೊಸೆಯಾಗಿ ಬಂದವಳೇ. ಮಾವನವರ ಅತ್ತಿಗೆಯನ್ನು ಮನೆಯಲ್ಲಿ ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದೆವು. ಆಕೆ ವರ್ಷಗಟ್ಟಲೆ ಅರಳಿಕಟ್ಟೆ ಸುತ್ತಿದ್ದರು, ನಾಗರಕಲ್ಲಿಗೆ ಹಾಲೆರೆದಿದ್ದರು. ನನ್ನ ಸೀಮಂತದ ದಿನ ಐವತ್ತು ಜನರಿಗೆ ಹೋಳಿಗೆ ತಟ್ಟಿದವರು ಅವರೇ. ಆರತಿ ಎತ್ತುವ ಹೊತ್ತಿಗೆ ಮಾತ್ರ ಯಾರೂ ಹೇಳದೆಯೇ ಒಳಗೆ ಸರಿದರು. ಮುಂದೊಮ್ಮೆ ಪತ್ರಿಕೆಯಲ್ಲಿ ಬಂದ ತಿಮ್ಮಕ್ಕನ ಪಟ ತೋರಿಸಿದಾಗ ಬಹಳ ಹೊತ್ತು ನೋಡಿ, "ಅವಳಿಗೆ ಒಂದು ರಸ್ತೆ ಸಿಕ್ತು ಕಣಮ್ಮ, ನನಗೆ ಈ ಅಡುಗೆಮನೆ ಸಿಕ್ತು" ಎಂದರು. ಹೊಟ್ಟೆಕಿಚ್ಚಿನಿಂದ ಅಂದ ಮಾತಲ್ಲ ಅದು. ಲೆಕ್ಕ ಒಪ್ಪಿಸಿದಂತಿತ್ತು.

ಆ ರಸ್ತೆ ಹುಲಿಕಲ್ಲಿನಿಂದ ಕುದೂರಿಗೆ ಹೋಗುವುದು, ಸುಮಾರು ನಾಲ್ಕು ಕಿಲೋಮೀಟರ್. ಊರ ಸುತ್ತ ಆಲದ ಮರಗಳಿಗೆ ಬರವಿರಲಿಲ್ಲ. ಅವುಗಳಿಂದಲೇ ಸಸಿ ಮಾಡಿಕೊಂಡು ಗಂಡಹೆಂಡತಿ ಮೊದಲ ವರ್ಷ 10 ನೆಟ್ಟರು, ಮರುವರ್ಷ 15, ಅದರಾಚೆ ವರ್ಷ 20. ಮಳೆಗಾಲದಲ್ಲಿ ನೆಟ್ಟರೆ ಬೇರು ಹಿಡಿಯುತ್ತದೆ. ಕಷ್ಟವಿರುವುದು ಮಳೆ ನಿಂತ ಮೇಲೆ. ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಬೇಕು. ಬಿಂದಿಗೆ ಹೊತ್ತು ಆ ದೂರವೆಲ್ಲ ನಡೆಯಬೇಕು. ಒಂದು ಸಲಕ್ಕೆ ಇಬ್ಬರಿಂದ ನಾಲ್ಕು ಬಿಂದಿಗೆ ನೀರು. ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾದಿರುವ ನಮ್ಮಂಥವರಿಗೆ ಗೊತ್ತು, ತುಂಬಿದ ಕೊಡ ಮನೆ ಬಾಗಿಲು ಮುಟ್ಟುವಷ್ಟರಲ್ಲೇ ಸೊಂಟ ಏನಾಗುತ್ತದೆಂದು. ಕೂಲಿ ಮಾಡಿ ಉಣ್ಣುವ ಜನ ಇದನ್ನು ಬೇಸಿಗೆಯಿಂದ ಬೇಸಿಗೆಗೆ ಮಾಡಿದರು. ಹಾಗೆ ಬೆಳೆದ ಮರಗಳು 385 ಎಂಬುದು ಎಲ್ಲರ ಬಾಯಲ್ಲಿರುವ ಎಣಿಕೆ.

ಮಕ್ಕಳಿಲ್ಲದ ಕೊರಗಿಗೆ ಮರ ಸಾಕಿದೆವು ಎಂದು ಅವಳೇ ಹೇಳುತ್ತಿದ್ದಳು. ಅದನ್ನು ಅಲ್ಲಗಳೆಯಲು ನಾನ್ಯಾರು? ಆದರೂ ಭಾಷಣಗಳಲ್ಲಿ ಈ ಕೊರಗಿನ ಕತೆಯೇ ದೊಡ್ಡದಾಗಿ, ನೀರು ಹೊತ್ತ ಕತೆ ಸಣ್ಣದಾದಾಗ ನನಗೆ ಕಸಿವಿಸಿಯಾಗುತ್ತದೆ. ಕೊರಗು ಹತ್ತು ಸಸಿ ನೆಡಿಸೀತು. ಮೂರನೆಯ ಬೇಸಿಗೆಗೂ ಬಿಂದಿಗೆ ಎತ್ತಿಸಿದ್ದು ಅವಳ ರಟ್ಟೆ, ಅವಳ ಹಟ. ದಾರಿಬದಿ ಆಲ ನೆಡಿಸಿದ್ದನ್ನು ಅಶೋಕ ಚಕ್ರವರ್ತಿ ಕಂಬದ ಮೇಲೆ ಕೊರೆಸಿಟ್ಟ. ಅವನಿಗೆ ಅಧಿಕಾರಿಗಳಿದ್ದರು, ಆಳುಗಳಿದ್ದರು. ಹುಲಿಕಲ್ಲಿನ ದಂಪತಿ ಏನನ್ನೂ ಕೊರೆಸಲಿಲ್ಲ. ಅದಕ್ಕೇ ಬೆಂಗಳೂರಿಗೆ ಇಷ್ಟು ಹತ್ತಿರವಿದ್ದೂ ಎಷ್ಟೋ ವರ್ಷ ಅವರ ಹೆಸರು ಹೊರಗೆ ಬರಲಿಲ್ಲ.

ಚಿಕ್ಕಯ್ಯ 1991ರಲ್ಲಿ ತೀರಿಕೊಂಡ. ಹೆಂಡತಿಗೆ ರಾಷ್ಟ್ರೀಯ ನಾಗರಿಕ ಪ್ರಶಸ್ತಿ ಸಂದದ್ದು 1995ರದು, ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ 1997ರದು. ಅವನು ಒಂದನ್ನೂ ನೋಡಲಿಲ್ಲ. ಆಮೇಲಾಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ಕೇಂದ್ರೀಯ ವಿಶ್ವವಿದ್ಯಾಲಯದ ಡಾಕ್ಟರೇಟ್, ಸಚಿವ ದರ್ಜೆ ಎಲ್ಲವೂ ಬಂದವು. ಉಮೇಶ್ ಎಂಬ ಯುವಕ ದತ್ತುಮಗನಾಗಿ ಅವಳ ಕೈ ಹಿಡಿದ. 2019ರ ಮಾರ್ಚಿಯಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರ ಹಣೆ ಮುಟ್ಟಿ ಹರಸಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಶಿಷ್ಟಾಚಾರದ ಪಾಠ ಅಲ್ಲಿ ಬಗ್ಗಿಹೋಯಿತು. ಅಜ್ಜಿಯಂದಿರು ಇನ್ನೇನು ಮಾಡುತ್ತಾರೆ, ಎದುರು ಬಂದು ನಿಂತ ಮಗನ ಹಣೆ ಸವರದೆ?

ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಯೋಜನೆಯಲ್ಲಿ ಅವಳ ಮರಗಳಿಗೇ ಕೊಡಲಿ ಬೀಳುವ ಸುದ್ದಿ ಬಂತು. ಪದಕ ಕೊಟ್ಟದ್ದೂ ಸರ್ಕಾರ, ಮರಕ್ಕೆ ಗುರುತು ಹಾಕುವುದೂ ಸರ್ಕಾರ! ಆಗ ಮುಖ್ಯಮಂತ್ರಿ ಕುಮಾರಸ್ವಾಮಿ, ನಮ್ಮ ಪಕ್ಕದ ಚನ್ನಪಟ್ಟಣದ ಶಾಸಕರೇ. ಮರ ಉಳಿಸಿ ಎಂದು ಮುದುಕಿ ಕೇಳಿಕೊಂಡಳು. ಕಡಿಯುವುದಿಲ್ಲ, ಬೇರೆ ದಾರಿ ಹುಡುಕುತ್ತೇವೆ ಎಂಬ ಭರವಸೆ ಸಿಕ್ಕಿತು.

ತನಗಾಗಿ ಅವಳು ಕೇಳಿದ್ದು ಕಡಿಮೆ. ಕೊನೆಯವರೆಗೂ ಬಿಡದೆ ಕೇಳುತ್ತಿದ್ದದ್ದು ಹುಲಿಕಲ್ಲಿಗೊಂದು ಆಸ್ಪತ್ರೆ. ಅದು ಗಂಡನ ನೆನಪಿಗೆ ಆಗಬೇಕೆಂಬುದು ಅವಳ ಆಸೆ. ಅದಕ್ಕಾಗಿ ಒಂದು ಟ್ರಸ್ಟನ್ನೂ ಕಟ್ಟಿದ್ದಳು. ಹಾರ, ಶಾಲು, ತಟ್ಟೆ ತುಂಬ ಹಣ್ಣು ಹಿಡಿದು ಬಂದವರಿಗೆಲ್ಲ ಈ ಮಾತು ಕೇಳಿಸಿತ್ತು.

ದೊಡ್ಡತ್ತೆ ಈಗಿಲ್ಲ. ಬದುಕಿದ್ದಾಗ ಒಮ್ಮೆ ಅವರನ್ನು ಕುದೂರು ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ರಸ್ತೆಯ ಎರಡೂ ಕಡೆಯ ಕೊಂಬೆಗಳು ಮೇಲೆ ಕೂಡಿಕೊಂಡು ಕೆಳಗೆ ತಂಪಾಗಿತ್ತು. ಅವರು ಕೈ ಮುಗಿಯುತ್ತಾರೇನೋ ಎಂದುಕೊಂಡೆ. ಮುಗಿಯಲಿಲ್ಲ. ಒಂದು ಮರದಿಂದ ಇನ್ನೊಂದು ಮರದವರೆಗೆ ಹೆಜ್ಜೆ ಎಣಿಸಿಕೊಂಡು ನಡೆದು, ತಿರುಗಿ ನೋಡಿ, "ನೀರಿನ ಬಾವಿ ಎಲ್ಲಿತ್ತಂತೆ?" ಎಂದು ಕೇಳಿದರು.