ಏಳು ತಂತಿಯ ಪಿಟೀಲು ಮತ್ತು ಹಿಂದಿನ ಸಾಲಿನ ಶ್ರೋತೃ

ಸಂಗೀತದ ಚರಿತ್ರೆಯನ್ನು ಬರೆಯುವವರು ವಿದ್ವಾಂಸರ ಜೀವನವನ್ನೂ ಬಿರುದುಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸುತ್ತಾರೆ. ಕೇಳಿದವರ ವಿಷಯದಲ್ಲಿ ಮಾತ್ರ ಮೌನ ವಹಿಸುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ತಲೆದೂಗಿದವನು ಶಾಸನ ಹಾಕಿಸುವುದಿಲ್ಲ. 'ಭೇಷ್' ಎಂಬ ಉದ್ಗಾರ ಚಪ್ಪರದ ಗದ್ದಲದಲ್ಲೇ ಲೀನವಾಗುತ್ತದೆ. ಆದರೂ ಮೈಸೂರಿನ ಟಿ. ಚೌಡಯ್ಯನವರ (1895–1967) ವಿಷಯದಲ್ಲಿ ಶ್ರೋತೃಗಳ ಪ್ರತಿಕ್ರಿಯೆ ಒಂದು ಪ್ರತ್ಯಕ್ಷ ದಾಖಲೆಯನ್ನು ಉಳಿಸಿಹೋಗಿದೆ. ಆ ದಾಖಲೆ ಅವರ ಪಿಟೀಲೇ.

ತಿರುಮಕೂಡಲಿನಲ್ಲಿ ಹುಟ್ಟಿದ ಚೌಡಯ್ಯನವರು 1910ರಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಅಂದಿನ ಕಛೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಗಾಯಕರ ತುಂಬುಕಂಠ, ಮೃದಂಗದ ಘೋಷ ಇವುಗಳ ನಡುವೆ ಪಕ್ಕವಾದ್ಯದ ಪಿಟೀಲು ಮುಂದಿನ ಕೆಲವು ಸಾಲುಗಳನ್ನು ದಾಟುವುದೇ ಕಷ್ಟವಾಗಿತ್ತು. ಹಿಂದೆ ಕುಳಿತವರು ಕಮಾನು ಆಡುವುದನ್ನು ಕಾಣುತ್ತಿದ್ದರೇ ಹೊರತು ನಾದವನ್ನು ಕೇಳುತ್ತಿರಲಿಲ್ಲ. ಅವರ ಈ ದೂರನ್ನು ಚೌಡಯ್ಯನವರು ಮನಸ್ಸಿಗೆ ಹಚ್ಚಿಕೊಂಡರು. ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ, 1927ರ ಹೊತ್ತಿಗೆ ಏಳು ತಂತಿಯ ವಾದ್ಯವನ್ನು ಬಳಕೆಗೆ ತಂದರು. ಹೊಸ ತಂತಿಯನ್ನು ಮೂಲ ತಂತಿಯ ಪಕ್ಕದಲ್ಲಿಯೇ ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿಮಾಡಲಾಗುತ್ತಿತ್ತು. ಕಮಾನು ಎರಡನ್ನೂ ಒಮ್ಮೆಗೇ ಮುಟ್ಟಿದಾಗ ಸ್ವರವು ತನ್ನ ನೆರಳಿನೊಡನೆ ಹೊರಡುವುದು. ಇದು ಸುಲಭದ ಉಪಾಯವಲ್ಲ. ಬೆರಳು ಜೋಡಿ ತಂತಿಗಳನ್ನು ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಇಮ್ಮಡಿಯಾಗುವುದು.

ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ನಮಗೆ ಅದು ಅಪೂರ್ಣವೆಂದು ತೋರುತ್ತದೆ. ಮುಂದಿನ ದಶಕಗಳಲ್ಲಿ ಧ್ವನಿವರ್ಧಕವು ಸಭೆಗಳಿಗೆ ಬಂದಿತು. ಪ್ರಯೋಜನ ತೀರಿದ ತಂತಿಗಳನ್ನು ಆಗ ಬಿಚ್ಚಿಡಬಹುದಾಗಿತ್ತು. ಚೌಡಯ್ಯನವರು ಬಿಚ್ಚಲಿಲ್ಲ, ಹತ್ತೊಂಬತ್ತು ತಂತಿಗಳ ವಾದ್ಯವನ್ನೂ ಪ್ರಯೋಗಿಸಿದರು. ಗಾತ್ರಕ್ಕಾಗಿ ಬಂದದ್ದು ಗುಣಕ್ಕಾಗಿ ಉಳಿಯಿತೆಂದೇ ಇದರ ಅರ್ಥ. ಪಾಬ್ಲೊ ಕಸಾಲ್ಸರಂಥ ವಾದಕರ ಚೆಲ್ಲೋ ವಾದ್ಯದಲ್ಲಿ ಯುರೋಪಿನವರು ಮೆಚ್ಚಿದ್ದೂ ಮನುಷ್ಯಕಂಠಕ್ಕೆ ಸಮೀಪವಾದ ಇಂಥದೇ ತುಂಬುನಾದವನ್ನು. ವ್ಯತ್ಯಾಸವಿರುವುದು ಮೆಚ್ಚುವ ರೀತಿಯಲ್ಲಿ. ಅಲ್ಲಿಯ ಶ್ರೋತೃ ಕೊನೆಯ ಸ್ವರ ಅಡಗುವವರೆಗೆ ಸುಮ್ಮನಿರುತ್ತಾನೆ. ನಮ್ಮವನು ರಾಗದ ಒಂದು ಸಂಚಾರ ಮುಗಿಯುವ ಮೊದಲೇ ತಲೆದೂಗುತ್ತಾನೆ, ತೊಡೆಯ ಮೇಲೆ ತಾಳ ಹಾಕುತ್ತಾನೆ, ಬಾಯಿಬಿಟ್ಟು ಹೊಗಳುತ್ತಾನೆ. ಆದ್ದರಿಂದ ನಮ್ಮ ವಾದಕನು ಕಮಾನಿನ ಮುಂದಿನ ಎಳೆತವನ್ನು ಹಿಂದಿನ ಎಳೆತಕ್ಕೆ ದೊರೆತ ಉತ್ತರದಿಂದ ಅಳೆಯಬಲ್ಲನು.

ಎಲ್ಲರೂ ಒಪ್ಪಿದರೆಂದಲ್ಲ. ವಾದ್ಯದ ಸಹಜರೂಪ ಕೆಟ್ಟಿತೆಂದು ಆಕ್ಷೇಪಿಸಿದವರಿದ್ದರು. ಇದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಪಿಟೀಲೇ ಹೊರಗಿನಿಂದ ಬಂದು ನಮ್ಮದಾದ ವಾದ್ಯವಲ್ಲವೆ? ಪಕ್ಕವಾದ್ಯವು ಗಾಯಕನನ್ನು ಮೀರಬಾರದೆಂಬ ಆಕ್ಷೇಪಕ್ಕೆ ಮಾತ್ರ ತೂಕವುಂಟು. ಚೆಂಬೈ ವೈದ್ಯನಾಥ ಭಾಗವತರ ಗಂಭೀರ ಶಾರೀರಕ್ಕೆ ಒಪ್ಪಿದ ನಾದವು ಸಣ್ಣ ಶಾರೀರದವರಿಗೆ ಹೊರೆಯಾಗಬಹುದು. ಮದರಾಸಿನ ಮ್ಯೂಸಿಕ್ ಅಕಾಡೆಮಿ ಚೌಡಯ್ಯನವರಿಗೆ 1957ರಲ್ಲಿ 'ಸಂಗೀತ ಕಲಾನಿಧಿ' ಬಿರುದನ್ನಿತ್ತು ಗೌರವಿಸಿತು. ಆದರೂ ಅವರ ನಂತರ ನಾಲ್ಕು ತಂತಿಯೇ ರೂಢಿಯಾಗಿ ಉಳಿಯಿತು.

ಬೆಂಗಳೂರಿನಲ್ಲಿ 1955ರಲ್ಲಿ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಇನ್ನೊಂದು ಬಗೆಯ ಶ್ರೋತೃವರ್ಗ ಬೆಳೆಯಿತು. ಹೊಸಕೋಟೆ ತಾಲ್ಲೂಕಿನ ನಂದಗುಡಿಯಂತಹ ಹೋಬಳಿಯ ಊರಿನಲ್ಲಿ ರೇಡಿಯೋ ಮುಂದೆ ಕುಳಿತವನು, ಕಛೇರಿಯ ಚಪ್ಪರವನ್ನು ಎಂದೂ ಕಾಣದಿದ್ದರೂ, ಈ ನಾದವನ್ನು ಮೊದಲ ಸಾಲಿನವನಷ್ಟೇ ಹತ್ತಿರದಿಂದ ಕೇಳಬಹುದಾಯಿತು. ಅವನ ತಲೆದೂಗು ಮಾತ್ರ ವಾದಕನಿಗೆ ಕಾಣದು. ಆಗ ಬಾಲಕರಾಗಿದ್ದವರು ಈಗ ವೃದ್ಧರು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ವಿಚಾರಿಸಬಹುದು: ಪಿಟೀಲು ಹೇಗಿತ್ತೆಂದಲ್ಲ, ಅದು ಕೇಳಿಬರುತ್ತಿದ್ದಾಗ ಸುತ್ತ ಯಾರಿದ್ದರು, ಯಾರು ಏನೆಂದರು, ಯಾರು ಎದ್ದುಹೋದರು ಎಂದು.