ಬಳಸಿದ ಕಾರಿನಲ್ಲಿ ಎಂಜಿನ್ ತಾಪಮಾನದ ಎಚ್ಚರಿಕೆ ದೀಪ: ಕಾರಣ ಪತ್ತೆ ಮತ್ತು ಕ್ರಮಗಳು

ಮನೆಯ ಓಡಾಟಕ್ಕೂ ತರಕಾರಿ, ಎಳನೀರುಗಳ ಸಾಗಣೆಗೂ ಬಳಸಿದ ಕಾರು ಅಥವಾ ಸಣ್ಣ ಸರಕು ವಾಹನವನ್ನು ಕೊಳ್ಳುವ ರೈತರು ಅದರ ಟೈರು, ಬಣ್ಣ, ದಾಖಲೆಗಳನ್ನು ನೋಡುವಷ್ಟು ಎಂಜಿನ್ ತಂಪಾಗುವ ವ್ಯವಸ್ಥೆಯನ್ನು ನೋಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಥರ್ಮಾಮೀಟರ್ ಚಿತ್ರದ ಕೆಂಪು ದೀಪ ಹೊತ್ತಿಕೊಂಡಾಗ "ಊರು ಹತ್ತಿರವಿದೆ, ಹೋಗಿಬಿಡೋಣ" ಎಂದು ಮುಂದುವರಿಯಬಾರದು. ಕೆಲವೇ ಕಿಲೋಮೀಟರುಗಳಲ್ಲಿ ಸಿಲಿಂಡರ್ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟುಹೋಗಬಹುದು. ಒಂದು ಹೋಸಿನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸ ಎಂಜಿನ್ ಬಿಚ್ಚುವವರೆಗೆ ಬೆಳೆಯುತ್ತದೆ. (ಕೆಲವು ಕಾರುಗಳಲ್ಲಿ ಬೆಳಿಗ್ಗೆ ಕಾಣುವ ನೀಲಿ ದೀಪ ಎಂಜಿನ್ ಇನ್ನೂ ತಣ್ಣಗಿದೆ ಎಂಬುದರ ಸೂಚನೆ, ಅದು ದೋಷವಲ್ಲ.)

ದೀಪ ಹೊತ್ತಿದ ಕೂಡಲೇ ಎ.ಸಿ. ನಿಲ್ಲಿಸಿ, ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ಬದಿಗೆ ಹಾಕಿ ಎಂಜಿನ್ ಆರಿಸಿರಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟು ದ್ರವ ಕುದಿಯದಂತೆ ತಡೆದಿರುತ್ತದೆ; ತೆರೆದೊಡನೆ ಅದು ಒಮ್ಮೆಲೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಆದ್ದರಿಂದ ಸಡಿಲವಾದ ಅಥವಾ ರಬ್ಬರ್ ಸವೆದ ಮುಚ್ಚಳವೊಂದೇ ಎಂಜಿನ್ ಕಾಯಲು ಸಾಕಾಗಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು. ಲೋಹ ಬಿರುಕು ಬಿಡುವ ಸಾಧ್ಯತೆಯಿದೆ. ಎಂಜಿನ್ ಆರಿಸಿದ ಮೇಲೂ ವಿದ್ಯುತ್ ಫ್ಯಾನ್ ತಾನಾಗಿ ತಿರುಗಬಹುದಾದ ಕಾರಣ ಬಾನೆಟ್ಟಿನೊಳಗೆ ಕೈ ಹಾಕುವಾಗ ಎಚ್ಚರ ವಹಿಸಬೇಕು.

ದೀಪ ಎಲ್ಲಿ, ಯಾವಾಗ ಹೊತ್ತಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಕಾರಣ ಪತ್ತೆಯ ಅರ್ಧ ಕೆಲಸ ಅದರಲ್ಲಿಯೇ ಇದೆ. ಸದಾಶಿವನಗರದಂಥ ಬಡಾವಣೆಯ ಒಳರಸ್ತೆಗಳಲ್ಲಿ ನಿಂತು ನಿಂತು ಹೋಗುವಾಗ ಹೊತ್ತಿ, ಗುಬ್ಬಿಯ ಹೆದ್ದಾರಿಗೆ ಬಿದ್ದ ಮೇಲೆ ಆರಿದರೆ ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇಯನ್ನು ಮೊದಲು ಶಂಕಿಸಬೇಕು; ವೇಗದಲ್ಲಿ ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ ಹೆದ್ದಾರಿಯ ವೇಗದಲ್ಲಿ ಅಥವಾ ದೇವರಾಯನದುರ್ಗದ ಏರಿನಲ್ಲಿ ಹೊತ್ತಿದರೆ ರೇಡಿಯೇಟರ್ ಕಟ್ಟಿಕೊಂಡಿರುವುದು ಅಥವಾ ಥರ್ಮೋಸ್ಟಾಟ್ ಪೂರ್ತಿ ತೆರೆಯದಿರುವುದು ಸಂಭವನೀಯ. ಬ್ಯಾಟರಿ ದೀಪವೂ ಜೊತೆಗೆ ಹೊತ್ತಿದ್ದರೆ ಬೆಲ್ಟ್ ತುಂಡಾಗಿರಬಹುದು; ಹಲವು ವಾಹನಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದೊಡನೆ ದೀಪ ಉಳಿದುಕೊಂಡರೆ ದೋಷ ಸಾಮಾನ್ಯವಾಗಿ ಸೆನ್ಸಾರ್ ಅಥವಾ ವೈರಿನದು. ಆದರೂ ಕೂಲಂಟ್ ಮಟ್ಟವನ್ನು ನೋಡದೆ ಸೆನ್ಸಾರನ್ನು ದೂರಬಾರದು. ಇಲ್ಲೊಂದು ಮೋಸವೂ ಇದೆ: ದ್ರವ ತೀರಾ ಕಡಿಮೆಯಾದಾಗ ಸೆನ್ಸಾರ್ ಆವಿಯಲ್ಲಿ ಉಳಿದು, ಎಂಜಿನ್ ಕಾಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು.

ನಮ್ಮ ಭಾಗದಲ್ಲಿ ಹೆಚ್ಚು ಗಮನಿಸಬೇಕಾದುದು ಕೊಳವೆಬಾವಿ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಒಪ್ಪಬಹುದು. ಕುಡಿಯಲು ಒಪ್ಪಬಹುದಾದ ನೀರೂ ರೇಡಿಯೇಟರಿಗೆ ಒಳ್ಳೆಯದೆಂದು ತಿಳಿಯಬಾರದು. ಬಚ್ಚಲಿನ ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆಯನ್ನು ನೀವು ನೋಡಿರುತ್ತೀರಿ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್ ನೀರನ್ನೇ ತುಂಬಿದ್ದರೆ ಅದರ ಫಲವನ್ನು ಕೊಂಡವರು ಉಣ್ಣಬೇಕಾಗುತ್ತದೆ. ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಸಾಮಾನ್ಯವಾಗಿ ಸಮಪ್ರಮಾಣದಲ್ಲಿ ಬೆರೆಸಬೇಕು. ಮೊದಲೇ ಬೆರೆಸಿ ಮಾರುವ ಕೂಲಂಟಿಗೆ ನೀರು ಸೇರಿಸಬಾರದು. ದಾರಿಯಲ್ಲಿ ಅನಿವಾರ್ಯವಾಗಿ ಎಂಜಿನ್ ಪೂರ್ತಿ ತಣಿದ ಮೇಲೆ ಬೋರ್ ನೀರು ಹಾಕಿದ್ದರೆ ಊರು ತಲುಪಿದ ನಂತರ ಅದನ್ನು ಬದಲಿಸಿರಿ. ರಾಗಿಯ ಹೊಟ್ಟು, ತೆಂಗಿನ ನಾರಿನ ಧೂಳು ರೇಡಿಯೇಟರಿನ ಹೊರಗಿನ ರೆಕ್ಕೆಗಳಲ್ಲಿ ಸಿಲುಕಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು.

ಕೊಳ್ಳುವ ಮುನ್ನ ವಾಹನ ತಣ್ಣಗಿರುವಾಗಲೇ ನೋಡಲು ಹೋಗಿರಿ. ಮುಚ್ಚಳ ತೆರೆದಾಗ ಕಂದು ತುಕ್ಕುನೀರು ಕಂಡರೆ, ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಲೇಪವಿದ್ದರೆ ಅಥವಾ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಮುಂಗಡ ಕೊಡಬೇಡಿ. ಕೀ ತಿರುಗಿಸಿದಾಗ ಎಚ್ಚರಿಕೆ ದೀಪಗಳು ಕ್ಷಣಕಾಲ ಹೊತ್ತಿ ಆರುವ ಮಾದರಿಗಳಲ್ಲಿ ತಾಪಮಾನದ ದೀಪ ಮಾತ್ರ ಹೊತ್ತದಿದ್ದರೆ ಏಕೆಂದು ಕೇಳಿರಿ. ಕಾಯುವ ಎಂಜಿನ್ನಿಗೆ ಪರಿಹಾರವೆಂದು ಥರ್ಮೋಸ್ಟಾಟನ್ನೇ ತೆಗೆದುಹಾಕುವ ರೂಢಿಯೂ ಇದೆ. ಅದು ಕಾರಣವನ್ನು ಮರೆಮಾಡುತ್ತದೆ, ಡೀಸೆಲ್ ಖರ್ಚನ್ನೂ ಹೆಚ್ಚಿಸುತ್ತದೆ.

ತೆಗೆದ ಹಳೆಯ ಕೂಲಂಟನ್ನು ಕೊಟ್ಟಿಗೆಯ ಬಳಿ, ಚರಂಡಿಗೆ ಅಥವಾ ತೋಟದ ಗುಂಡಿಗೆ ಸುರಿಯಬೇಡಿ. ಅದು ಸಿಹಿಯಾದ ವಿಷ. ದನ, ನಾಯಿಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಒಪ್ಪಿಸಿರಿ.