ನಂದಿಯ ಗಿರಿಸಮೂಹ

ಪಾಠಶಾಲೆಯಲ್ಲಿ ಕುಮಾರಸಂಭವದ ಪ್ರಥಮ ಸರ್ಗವನ್ನು ಓದಿದವರಿಗೆ ಹಿಮವತ್ಪರ್ವತವನ್ನು ಕಾಣಬೇಕೆಂಬ ಬಯಕೆ ಹುಟ್ಟುವುದು ಸಹಜವೇ ಸರಿ. ನನಗೂ ಅದು ಬಹುಕಾಲ ಇದ್ದಿತು. ಆದರೆ ವಯಸ್ಸು ಅರುವತ್ತನ್ನು ದಾಟಿದ ಮೇಲೆ ಮಂಡಿಗಳು ಅದಕ್ಕೆ ಸಮ್ಮತಿಯನ್ನು ಕೊಡಲಿಲ್ಲ. ಆದುದರಿಂದ ಕಳೆದ ಮಾಘಮಾಸದಲ್ಲಿ ಮೊಮ್ಮಗನನ್ನು ಕರೆದುಕೊಂಡು, ತ್ಯಾಗರಾಜನಗರದ ನಮ್ಮ ಮನೆಯಿಂದ ಒಂದು ಬೆಳಗಿನಲ್ಲಿಯೇ ಸೇರಬಹುದಾದ ನಂದಿಯ ಗಿರಿಸಮೂಹಕ್ಕೆ ಹೊರಟೆನು.

ನಂದಿಗಿರಿ, ಬ್ರಹ್ಮಗಿರಿ, ಚನ್ನಗಿರಿ, ಕಳವಾರದುರ್ಗವೆನಿಸಿದ ಸ್ಕಂದಗಿರಿ ಮೊದಲಾದ ಶಿಖರಗಳು ಇಲ್ಲಿ ಒಂದೇ ಮನೆತನದವರಂತೆ ಸೇರಿ ನಿಂತಿರುವುವು. ಸುಮಾರು 4,850 ಅಡಿ ಎತ್ತರದ ನಂದಿಯ ಮೇಲೆ ಹಿಮವಿಲ್ಲದಿದ್ದರೂ ಪ್ರಾತಃಕಾಲದ ಮಂಜು ಆ ಕೊರತೆಯನ್ನು ಕ್ಷಣಕಾಲ ಮರೆಸುವುದು. ಕೂಷ್ಮಾಂಡ ಋಷಿಯು ಇಲ್ಲಿ ತಪಸ್ಸು ಮಾಡಿದನೆಂದು ಸ್ಥಳಪುರಾಣವು ಹೇಳುವುದು.

ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಕೆಳಗಣ ದೇವಾಲಯದ ಪ್ರಾಚೀನತೆಗೆ ಕ್ರಿ. ಶ. 806ರ ಶಾಸನವು ಸಾಕ್ಷಿ. ಅದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕಾಲ. ಮುಂದೆ ಚೋಳರೂ ಹೊಯ್ಸಳರೂ ವಿಜಯನಗರದವರೂ ತಮ್ಮ ತಮ್ಮ ಭಕ್ತಿಯನ್ನು ಇಲ್ಲಿ ಕಲ್ಲಿನಲ್ಲಿ ನಿಲ್ಲಿಸಿದರು. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರನೂ ಟಿಪ್ಪುವೂ ಬಲಪಡಿಸಿದರು. ಅಭೇದ್ಯವೆಂದು ಹೆಸರಾಗಿದ್ದ ಆ ದುರ್ಗವು ಸುಮಾರು ಮೂರು ವಾರಗಳ ಮುತ್ತಿಗೆಯ ತರುವಾಯ 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. ಅನಂತರ ಬೇಸಗೆಯನ್ನು ಕಳೆಯಲು ಆಂಗ್ಲ ಅಧಿಕಾರಿಗಳು ಬಂದರು. ಕಮಿಷನರ್ ಕಬ್ಬನ್ನರು ಮನೆಯನ್ನೇ ಕಟ್ಟಿಸಿದರು. 1927ರಲ್ಲಿಯೂ 1936ರಲ್ಲಿಯೂ ಮಹಾತ್ಮಾ ಗಾಂಧಿಯವರು ಇಲ್ಲಿ ವಿಶ್ರಮಿಸಿದರು.

ಆದರೆ ರಾಜರ ಚರಿತ್ರೆಗಿಂತಲೂ ನೀರಿನ ಚರಿತ್ರೆಯೇ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿಯಿತು. ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ, ಅರ್ಕಾವತಿ, ಇವೆಲ್ಲ ಈ ಗಿರಿಗಳ ಮಕ್ಕಳು. ಮೊದಲೆರಡು ನೆಲ್ಲೂರು, ಕಡಲೂರುಗಳ ಕಡೆಗೆ ಹರಿದು ಪೂರ್ವಸಮುದ್ರವನ್ನು ಸೇರುವುವು. ಅರ್ಕಾವತಿಯು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ಅರ್ಕಾವತಿಯ ಉಗಮವೆಂದು ತೋರಿಸುವ ಸ್ಥಳದಲ್ಲಿ ಮೊಮ್ಮಗನು, “ತಾತ, ನದಿ ಎಲ್ಲಿದೆ?” ಎಂದು ಕೇಳಿದನು. ಮಾಘದಲ್ಲಿ ಒರತೆ ಕ್ಷೀಣವಾಗುವುದು ಸಹಜವೆಂದು ಹೇಳಿದೆನು. ಅದು ಅರ್ಧಸತ್ಯವೆಂಬುದು ನನಗೇ ತಿಳಿದಿದ್ದಿತು.

1890ರ ದಶಕದಲ್ಲಿ, ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, ಈ ಅರ್ಕಾವತಿಯನ್ನೇ ಹೆಸರಘಟ್ಟದಲ್ಲಿ ತಡೆದು ಬೆಂಗಳೂರಿಗೆ ನಲ್ಲಿಯ ನೀರನ್ನು ತಂದರು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವು ಅದಕ್ಕೆ ಕೂಡಿತು. 1974ರಲ್ಲಿ ಕಾವೇರಿ ಬರುವವರೆಗೂ ಊರಿನ ಬಾಯಾರಿಕೆಯನ್ನು ತಣಿಸಿದವಳು ಮುಖ್ಯವಾಗಿ ಇವಳೇ. ನಾನು ಬಾಲ್ಯದಲ್ಲಿ ಕುಡಿದುದು ನಂದಿಯ ನೀರು. ಬಳಿಕ ಕೆರೆಗಳನ್ನು ಕೂಡಿಸುತ್ತಿದ್ದ ಕಾಲುವೆಗಳು ಒತ್ತುವರಿಯಾದುವು. ಕೊಳವೆಬಾವಿಗಳು ನೆಲದ ತೇವವನ್ನು ಹೀರಿದುವು. ಹೆಸರಘಟ್ಟವು ಹಲವು ವರ್ಷ ಬರಿದಾಗಿ ನಿಂತಿತು. ಈಗ ನಮ್ಮ ನಲ್ಲಿಗಳಿಗೆ ಕಾವೇರಿಯನ್ನು ನೂರು ಕಿಲೋಮೀಟರಿನಷ್ಟು ದೂರದಿಂದ ಯಂತ್ರಬಲದಿಂದ ಮೇಲೆತ್ತಿ ತರಬೇಕಾಗಿದೆ.

ವಾಚಕರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮ ನೆರೆಯ ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ವೃಷಭಾವತಿಯು ಹುಟ್ಟುವಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆಕೆ ಹೋಗಿ ಸೇರುವುದು ಅರ್ಕಾವತಿಯನ್ನೇ. ಅಲ್ಲಿಯೂ ನಂದಿ, ಇಲ್ಲಿಯೂ ನಂದಿ. ಆ ನಂದಿ ನಮಗೆ ಕುಡಿಯುವ ನೀರನ್ನು ಕಳುಹಿಸಿದನು, ನಾವಾದರೋ ಈ ನಂದಿಯ ಕಾಲಡಿಯಿಂದ ನಮ್ಮ ಕೊಚ್ಚೆಯನ್ನು ಕಳುಹಿಸುತ್ತಿದ್ದೇವೆ.

ಭೋಗವು ಬೆಟ್ಟದ ಬುಡದಲ್ಲಿ, ಯೋಗವು ನೆತ್ತಿಯಲ್ಲಿ ಎಂದು ಹಿರಿಯರು ಏಕೆ ಇಟ್ಟರೋ ನಾನರಿಯೆ. ನೀರು ಮಾತ್ರ ಮೇಲಿನಿಂದ ಕೆಳಕ್ಕೆ ಹರಿಯುವುದು. ಮೇಲಿನ ಸಂಯಮವು ತಪ್ಪಿದರೆ ಕೆಳಗಿನ ಭೋಗವು ಎಷ್ಟು ಕಾಲ ನಿಂತೀತು? ಹಿಂದಿರುಗುವ ದಾರಿಯಲ್ಲಿ ಹುಡುಗನಿಗೆ ಉಳಿದ ಅರ್ಧಸತ್ಯವನ್ನೂ ಹೇಳಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಮನೆಗೆ ಬಂದವನೇ ಸೋರುತ್ತಿದ್ದ ಹಿತ್ತಲಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದನು. ನಮ್ಮ ಯಾತ್ರೆಗೆ ಅಷ್ಟು ಫಲವು ದೊರೆಯಿತು.